ಆಕಾಶದ ಐದು ತಾಸು



ಕೊಲ್ಲಿ ದೇಶಗಳಲ್ಲಿ ಮಗನೋ ಗಂಡನೋ ತಮ್ಮನೋ ದುಡಿಯುತ್ತಿರುವ ಮನೆಗಳಲ್ಲಿ ಒಂದು ಲೆಕ್ಕ ಎಲ್ಲರಿಗೂ ಬಾಯಿಪಾಠವಾಗಿರುತ್ತದೆ. ಜಿದ್ದಾ ಎಷ್ಟು ದೂರ ಎಂದು ಕೇಳಿ ನೋಡಿ. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿರುವ ತಾಯಿ ತಲೆ ಎತ್ತದೆಯೇ “ಐದು ತಾಸಿನ ದಾರಿ” ಎನ್ನುತ್ತಾಳೆ. ನಮ್ಮ ಕಡೆ ಗಂಟೆಗೆ ತಾಸು ಎನ್ನುವುದು ರೂಢಿ. ನಾಲತವಾಡದಿಂದ ಬೆಂಗಳೂರಿಗೆ ಬಸ್ಸು ಹತ್ತಿದರೆ ಇಡೀ ರಾತ್ರಿ ಬೇಕು. ಆ ಲೆಕ್ಕದಲ್ಲಿ ಬೆಂಗಳೂರಿನ ಮಗನಿಗಿಂತ ಜಿದ್ದಾದ ಮಗನೇ ಹತ್ತಿರದಲ್ಲಿದ್ದಾನೆ! ಮಗನ ನೆನಪಿನಲ್ಲಿ ರಾತ್ರಿ ನಿದ್ದೆ ಬಾರದ ತಾಯಿಗೆ ಈ ‘ಐದು ತಾಸು’ ಎಂಬ ಮಾತು ಎಷ್ಟು ಸಮಾಧಾನ ಕೊಡುತ್ತದೆ ಎಂಬುದನ್ನು ನಾನು ಬಲ್ಲೆ. ಅದನ್ನು ಕಸಿದುಕೊಳ್ಳುವುದು ನನ್ನ ಉದ್ದೇಶವಲ್ಲ.

ಆದರೆ ಇದೇ ಲೆಕ್ಕವನ್ನು ನಂಬಿಕೊಂಡು ಮನೆಯವರು ಒಂದು ದೊಡ್ಡ ತೀರ್ಮಾನ ಮಾಡಬೇಕಾದ ದಿನವೂ ಬರುತ್ತದೆ. ಅದು ಮನೆಯಲ್ಲಿ ಸಾವು ಸಂಭವಿಸಿದ ದಿನ.

ಊರಿನಲ್ಲಿ ಹೆಣ್ಣುಮಕ್ಕಳು ತೀರಿಕೊಂಡಾಗ ಮಯ್ಯಿತ್‌ಗೆ ಸ್ನಾನ ಮಾಡಿಸಲು ನನ್ನನ್ನೂ ಕರೆಯುತ್ತಾರೆ. ಹಾಗೆ ಹೋದ ಎಷ್ಟೋ ಮನೆಗಳಲ್ಲಿ ನೀರು ಕಾಯಿಸುವುದಕ್ಕಿಂತ ಮೊದಲು ನನ್ನ ಕಿವಿಗೆ ಬೀಳುವ ಪ್ರಶ್ನೆ ಒಂದೇ: “ಆಪಾ, ಮಗಾ ಅಲ್ಲಿಂದ ಹೊಂಟಾನಂತ. ಕಾಯೂಣೋ, ಬ್ಯಾಡೋ?” ಹೊರಗೆ ಕಟ್ಟೆಯ ಮೇಲೆ ಗಂಡಸರು ಒಂದೊಂದು ಮಾತು ಹೇಳುತ್ತಿರುತ್ತಾರೆ. ಒಳಗೆ ಸೊಸೆ ಗೋಡೆಗೆ ಒರಗಿ ಫೋನ್ ಹಿಡಿದುಕೊಂಡು ಕುಳಿತಿರುತ್ತಾಳೆ. ಅವಳ ಗಂಡ ಆ ಕಡೆಯಿಂದ ಅಳುತ್ತಾ ಹೇಳುತ್ತಿರುತ್ತಾನೆ: “ನನ್ನ ಬಿಟ್ಟು ಅಮ್ಮೀನ್ನ ಒಯ್ಯಬ್ಯಾಡ್ರಿ. ಬರೀ ಐದು ತಾಸು, ಬಂದ್‌ಬಿಡ್ತೀನಿ.”

ಆ ಐದು ತಾಸು ನಿಜವಾಗಿ ಎಷ್ಟು ಎಂಬುದನ್ನು ನಾವು ಇಂದು ಶಾಂತ ಮನಸ್ಸಿನಿಂದ ಕುಳಿತು ಲೆಕ್ಕ ಹಾಕೋಣ. ದುಃಖ ಬಾಗಿಲಿಗೆ ಬಂದ ಮೇಲೆ ಲೆಕ್ಕ ಮಾಡುವ ಶಕ್ತಿ ಯಾರಿಗೂ ಇರುವುದಿಲ್ಲ.

ವಿಮಾನದ ದಾರಿ

ಹೈದರಾಬಾದಿನ ಶಂಶಾಬಾದ್ ವಿಮಾನ ನಿಲ್ದಾಣದಿಂದ ಜಿದ್ದಾದ ವಿಮಾನ ನಿಲ್ದಾಣಕ್ಕೆ ನೇರ ಅಂತರ ಸುಮಾರು 4,140 ಕಿಲೋಮೀಟರ್. ಬೆಂಗಳೂರಿನಿಂದ ಆದರೆ ಸುಮಾರು 4,190. ಮುಂಬಯಿಯಿಂದ ಸುಮಾರು 3,520. ರಿಯಾದ್‌ನಿಂದ ಹೈದರಾಬಾದಿಗೆ ಸುಮಾರು 3,390, ದುಬೈಯಿಂದ ಸುಮಾರು 2,550 ಕಿಲೋಮೀಟರ್.

ನೇರ ಅಂತರ ಎಂದರೆ ಶಾಲೆಯ ಗೋಡೆಯ ಮೇಲಿನ ನಕ್ಷೆಯಲ್ಲಿ ಅಡ್ಡಪಟ್ಟಿ ಇಟ್ಟು ಎಳೆದ ಗೆರೆಯಲ್ಲ. ಭೂಮಿ ದುಂಡಗಿದೆ. ಒಂದು ಮೋಸಂಬಿಯ ಮೇಲೆ ಎರಡು ಚುಕ್ಕೆ ಇಟ್ಟು ಅವುಗಳ ನಡುವೆ ದಾರವನ್ನು ಬಿಗಿಯಾಗಿ ಎಳೆದು ಹಿಡಿಯಿರಿ. ಆ ದಾರ ಹೋದ ಹಾದಿಯೇ ಅತಿ ಹತ್ತಿರದ ದಾರಿ. ವಿಮಾನಗಳ ಅಂತರವನ್ನು ಅಳೆಯುವುದು ಹೀಗೆ. ನಾವು ದಿನಕ್ಕೆ ಐದು ಬಾರಿ ಮುಖ ಮಾಡಿ ನಿಲ್ಲುವ ಕಿಬ್ಲಾ ಕೂಡ ಇಂಥದೇ ಒಂದು ದಾರ. ನಾಲತವಾಡದಿಂದ ಮಕ್ಕಾ ಪಶ್ಚಿಮಕ್ಕೆ, ತುಸು ಉತ್ತರಕ್ಕೆ ವಾಲಿದ ದಿಕ್ಕಿನಲ್ಲಿ, ಸುಮಾರು 3,870 ಕಿಲೋಮೀಟರ್ ದೂರದಲ್ಲಿದೆ. ಎರಡು ಊರುಗಳ ನಡುವಿನ ಅಂತರವನ್ನೂ ದಿಕ್ಕನ್ನೂ ಭೂಮಿಯ ದುಂಡಗಿನ ಮೈಮೇಲೆ ಲೆಕ್ಕ ಹಾಕುವ ವಿದ್ಯೆಯನ್ನು ಬೆಳೆಸಿದವರಲ್ಲಿ ನಮ್ಮ ಅಲ್‌ಬಿರೂನಿ ದೊಡ್ಡ ಹೆಸರು. ಘಝ್ನಿ ಪಟ್ಟಣದ ಕಿಬ್ಲಾವನ್ನು ಸರಿಯಾಗಿ ಕಂಡುಹಿಡಿಯಬೇಕೆಂದು ಅವರು 1025ರಲ್ಲಿ ಒಂದು ಗ್ರಂಥವನ್ನೇ ಬರೆದು ಮುಗಿಸಿದರು. ಇಂದಿನ ಪಾಕಿಸ್ತಾನದ ಪಂಜಾಬಿನಲ್ಲಿರುವ ನಂದನಾ ಎಂಬಲ್ಲಿ ಬೆಟ್ಟದ ಮೇಲೆ ನಿಂತು ಅವರು ಮಾಡಿದ ಭೂಮಿಯ ಅಳತೆ ಇಂದಿನ ಲೆಕ್ಕಕ್ಕೆ ಬಹಳ ಹತ್ತಿರವಿದೆ. ವಿಮಾನ, ದೂರದರ್ಶಕ ಯಾವುದೂ ಇಲ್ಲದ ಕಾಲದಲ್ಲಿ!

ದೊಡ್ಡ ವಿಮಾನಗಳು ಹತ್ತು ಹನ್ನೆರಡು ಕಿಲೋಮೀಟರ್ ಎತ್ತರದಲ್ಲಿ ತಾಸಿಗೆ 850ರಿಂದ 900 ಕಿಲೋಮೀಟರ್ ವೇಗದಲ್ಲಿ ಹಾರುತ್ತವೆ. 4,140ನ್ನು 850ರಿಂದ ಭಾಗಿಸಿದರೆ ಐದು ತಾಸಿಗೆ ಸ್ವಲ್ಪ ಕಡಿಮೆ. ಏರುವುದು, ಇಳಿಯುವುದು, ಓಡುದಾರಿಯಲ್ಲಿ ಸರದಿಗಾಗಿ ನಿಲ್ಲುವುದು ಇವೆಲ್ಲ ಸೇರಿದರೆ ಅಲ್ಲಿಂದ ಇಲ್ಲಿಗೆ ಐದು ತಾಸು ಅಥವಾ ತುಸು ಹೆಚ್ಚು, ಇಲ್ಲಿಂದ ಅಲ್ಲಿಗೆ ಐದೂವರೆಯಿಂದ ಆರು ತಾಸು. ಹೋಗುವ ದಾರಿ ಬರುವ ದಾರಿ ಒಂದೇ ಆದರೂ ಸಮಯ ಬೇರೆಯಾಗಲು ಗಾಳಿ ಕಾರಣ. ಮುಖ್ಯವಾಗಿ ಚಳಿಗಾಲದಲ್ಲಿ, ಅಷ್ಟು ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬಲವಾದ ಗಾಳಿ ಬೀಸುತ್ತಿರುತ್ತದೆ. ಅದು ಮನೆಗೆ ಬರುವವರನ್ನು ಬೆನ್ನ ಹಿಂದಿನಿಂದ ನೂಕುತ್ತದೆ, ಮನೆ ಬಿಟ್ಟು ಹೋಗುವವರನ್ನು ಎದುರಿನಿಂದ ತಡೆಯುತ್ತದೆ.

ಹಾಗಾದರೆ ಐದು ತಾಸು ಎಂಬ ಮಾತು ಸುಳ್ಳಲ್ಲ. ಆದರೆ ಅದು ಒಂದು ವಿಮಾನ ನಿಲ್ದಾಣದಿಂದ ಇನ್ನೊಂದು ವಿಮಾನ ನಿಲ್ದಾಣಕ್ಕೆ ಇರುವ ಲೆಕ್ಕ. ಮಗ ಇರುವುದು ವಿಮಾನ ನಿಲ್ದಾಣದಲ್ಲಿ ಅಲ್ಲ. ತಾಯಿಯ ಮಯ್ಯಿತ್ ಇರುವುದೂ ವಿಮಾನ ನಿಲ್ದಾಣದಲ್ಲಿ ಅಲ್ಲ.

ಎರಡು ಗಡಿಯಾರಗಳು

ಮೊದಲ ಗೊಂದಲ ಗಡಿಯಾರದ್ದು. ಸೌದಿ ಅರೇಬಿಯಾದ ಗಡಿಯಾರ ನಮ್ಮದಕ್ಕಿಂತ ಎರಡೂವರೆ ತಾಸು ಹಿಂದೆ. ನಾಲತವಾಡದಲ್ಲಿ ಸೂರ್ಯ ನೆತ್ತಿಗೆ ಬಂದು ಹೆಚ್ಚುಕಡಿಮೆ ಎರಡೂವರೆ ತಾಸಿನ ನಂತರ ಜಿದ್ದಾದಲ್ಲಿ ನೆತ್ತಿಗೆ ಬರುತ್ತಾನೆ. ದುಬೈ ಒಂದೂವರೆ ತಾಸು ಹಿಂದೆ.

ಮಗ ಫೋನಿನಲ್ಲಿ “ರಾತ್ರಿ ಹನ್ನೊಂದಕ್ಕೆ ವಿಮಾನ” ಎಂದರೆ ಅದು ಅಲ್ಲಿಯ ಹನ್ನೊಂದು. ಇಲ್ಲಿ ಆಗ ರಾತ್ರಿ ಒಂದೂವರೆ, ತಾರೀಖು ಕೂಡ ಬದಲಾಗಿರುತ್ತದೆ. ಟಿಕೆಟ್ಟಿನಲ್ಲಿ ಹೊರಡುವ ಸಮಯವನ್ನು ಹೊರಡುವ ಊರಿನ ಗಡಿಯಾರದಂತೆ, ಮುಟ್ಟುವ ಸಮಯವನ್ನು ಮುಟ್ಟುವ ಊರಿನ ಗಡಿಯಾರದಂತೆ ಮುದ್ರಿಸಿರುತ್ತಾರೆ. ಜಿದ್ದಾ ಬಿಡುವುದು ರಾತ್ರಿ 11.00, ಹೈದರಾಬಾದ್ ಮುಟ್ಟುವುದು ಬೆಳಿಗ್ಗೆ 6.30 ಎಂದಿದ್ದರೆ ನೋಡುವವರು ಏಳೂವರೆ ತಾಸು ಎನ್ನುತ್ತಾರೆ. ಅದರಲ್ಲಿ ಎರಡೂವರೆ ಕಳೆದರೆ ಪ್ರಯಾಣ ಐದೇ ತಾಸು. ಹೋಗುವಾಗ ಇದು ತಿರುವುಮುರುವಾಗುತ್ತದೆ. ಹೈದರಾಬಾದ್ ಬಿಡುವುದು ರಾತ್ರಿ 10.00, ಜಿದ್ದಾ ಮುಟ್ಟುವುದು ರಾತ್ರಿ 1.30 ಎಂದಿದ್ದರೆ ಮೂರೂವರೆ ತಾಸಿನಂತೆ ಕಾಣುತ್ತದೆ. ಎರಡೂವರೆ ಕೂಡಿಸಿದರೆ ಆರು ತಾಸು. ಇಷ್ಟು ಲೆಕ್ಕವನ್ನು ಹೈಸ್ಕೂಲು ಓದುವ ಮಗಳಿಗೆ ಕಲಿಸಿಡಿ. ಅಂಥ ದಿನ ಮನೆಯಲ್ಲಿ ಒಬ್ಬರಾದರೂ ಸರಿಯಾಗಿ ಹೇಳುವವರು ಬೇಕು.

ಇದರ ಜೊತೆ ಇನ್ನೊಂದು ಮಾತು. ಪೂರ್ವಕ್ಕೆ ಹಾರುವವನಿಗೆ ರಾತ್ರಿ ಚಿಕ್ಕದಾಗುತ್ತದೆ. ಮೇಲೆ ಹೇಳಿದ ವಿಮಾನದಲ್ಲಿ ಫಜ್ರ್ ಸಮಯ ಆಕಾಶದಲ್ಲಿಯೇ ಶುರುವಾಗಿ, ಇಳಿದು ಹೊರಗೆ ಬರುವಷ್ಟರಲ್ಲಿ ಮುಗಿದುಹೋಗಿರುತ್ತದೆ. ಇಳಿದ ಮೇಲೆ ಮಾಡೋಣ ಎಂದರೆ ಫಜ್ರ್ ತಪ್ಪಿತು. ತಾಯಿಯನ್ನು ಕಳೆದುಕೊಂಡು ಬರುವ ಮಗ ವಿಮಾನದೊಳಗೇ ವುಝೂ ಮಾಡಿ ನಮಾಝ್ ನಿರ್ವಹಿಸಲಿ. ಆ ಹೊತ್ತಿನಲ್ಲಿ ಅವನು ತಾಯಿಗಾಗಿ ಮಾಡಬಹುದಾದ ದೊಡ್ಡ ಕೆಲಸ ಅದೇ. ಫೋನ್ ಇಡುವ ಮೊದಲು ಅವನಿಗೆ ಇದನ್ನು ನೆನಪಿಸಿ.

ನೆಲದ ಮೇಲಿನ ತಾಸುಗಳು

ಈಗ ಪೂರ್ತಿ ಲೆಕ್ಕ ಹಾಕೋಣ. ನಾಲತವಾಡದಲ್ಲಿ ರಾತ್ರಿ ಎಂಟು ಗಂಟೆಗೆ ತಾಯಿ ಕಣ್ಣು ಮುಚ್ಚಿದರು ಎಂದು ಇಟ್ಟುಕೊಳ್ಳಿ. ಜಿದ್ದಾದಲ್ಲಿ ಆಗ ಸಂಜೆ ಐದೂವರೆ. ಮಗ ಕೆಲಸದಲ್ಲಿದ್ದಾನೆ. ರಜೆ ಸಿಗಬೇಕು, ಪಾಸ್‌ಪೋರ್ಟ್ ಕೈಯಲ್ಲಿರಬೇಕು, ದೇಶ ಬಿಟ್ಟು ಮತ್ತೆ ಬರಲು ಅನುಮತಿ ವೀಸಾ ಆಗಬೇಕು, ಟಿಕೆಟ್ ಸಿಗಬೇಕು. ಹಿಂದೆ ಈ ಅನುಮತಿಗೆ ಕಫೀಲನ ಒಪ್ಪಿಗೆ ಇಲ್ಲದೆ ಆಗುತ್ತಿರಲಿಲ್ಲ. 2021ರ ಮಾರ್ಚ್‌ನಲ್ಲಿ ಸೌದಿ ಸರಕಾರ ನಿಯಮ ಬದಲಿಸಿತು. ಖಾಸಗಿ ಕಂಪೆನಿಗಳಲ್ಲಿರುವವರು ಅಬ್‌ಶಿರ್ ಎಂಬ ಸರಕಾರಿ ಆ್ಯಪ್ ಮೂಲಕ ತಾವೇ ಅನುಮತಿ ಪಡೆಯಬಹುದು ಎಂದಾಯಿತು. ಆದರೆ ಮನೆ ಡ್ರೈವರ್, ಮನೆಕೆಲಸದವರು, ತೋಟ ನೋಡಿಕೊಳ್ಳುವವರು, ಕುರಿ ಕಾಯುವವರನ್ನು ಆ ಬದಲಾವಣೆಯಲ್ಲಿ ಸೇರಿಸಲಿಲ್ಲ. ನಮ್ಮ ಊರುಗಳಿಂದ ಹೋದವರಲ್ಲಿ ಮನೆ ಡ್ರೈವರ್‌ಗಳೂ ಇದ್ದಾರೆ ಎಂಬುದನ್ನು ಮರೆಯಬೇಡಿ.

ಅಲ್ಲಾಹನ ಕೃಪೆಯಿಂದ ಇದೆಲ್ಲ ಎರಡೂವರೆ ತಾಸಿನಲ್ಲಿ ಮುಗಿಯಿತು ಎಂದೇ ತಿಳಿಯೋಣ. ಅಂತಾರಾಷ್ಟ್ರೀಯ ಪ್ರಯಾಣಕ್ಕೆ ಮೂರು ತಾಸು ಮೊದಲೇ ನಿಲ್ದಾಣದಲ್ಲಿರಬೇಕು. ಅಲ್ಲಿಯ ರಾತ್ರಿ ಎಂಟಕ್ಕೆ ನಿಲ್ದಾಣ, ಹನ್ನೊಂದಕ್ಕೆ ನೇರ ವಿಮಾನ. ನಮ್ಮ ಗಡಿಯಾರದಲ್ಲಿ ಒಂದೂವರೆ. ಐದು ತಾಸು ಹಾರಾಟ, ಬೆಳಿಗ್ಗೆ ಆರೂವರೆಗೆ ಹೈದರಾಬಾದ್. ಪಾಸ್‌ಪೋರ್ಟ್ ತಪಾಸಣೆ ಮುಗಿಸಿ ಹೊರಗೆ ಬರುವಾಗ ಏಳೂವರೆ. ಅಲ್ಲಿಂದ ರಾಯಚೂರು, ಲಿಂಗಸುಗೂರು ದಾಟಿ ನಾಲತವಾಡಕ್ಕೆ ಕಾರಿನಲ್ಲಿ ಏಳೆಂಟು ತಾಸು. ಮನೆ ಬಾಗಿಲಿಗೆ ಬರುವಾಗ ಮಧ್ಯಾಹ್ನ ಮೂರೂವರೆ, ಅಸರ್ ಹೊತ್ತು.

ಕೂಡಿಸಿ ನೋಡಿ. ಹತ್ತೊಂಬತ್ತೂವರೆ ತಾಸು. ಅದರಲ್ಲಿ ಆಕಾಶದ್ದು ಐದೇ. ಉಳಿದ ಹದಿನಾಲ್ಕೂವರೆ ತಾಸು ನೆಲದ ಮೇಲಿನವು. ಇದು ಎಲ್ಲವೂ ಸರಿಯಾಗಿ ಕೂಡಿಬಂದಾಗಿನ ಲೆಕ್ಕ. ನೇರ ವಿಮಾನದಲ್ಲಿ ಸೀಟು ಸಿಗದೆ ನಡುವೆ ಬೇರೊಂದು ಊರಿನಲ್ಲಿ ಇಳಿದು ಹತ್ತುವುದಾದರೆ, ಮಗ ಇರುವುದು ಜಿದ್ದಾ ನಗರದಲ್ಲಲ್ಲದೆ ನೂರಾರು ಕಿಲೋಮೀಟರ್ ಆಚೆ ಯಾವುದೋ ಕೆಲಸದ ಕ್ಯಾಂಪಿನಲ್ಲಿ ಆಗಿದ್ದರೆ, ಎರಡು ದಿನ ಎಂದರೂ ಕಡಿಮೆಯೇ. ಬೆಂಗಳೂರಿಗೆ ಬಂದಿಳಿದರೆ ರಸ್ತೆ ಇನ್ನೂ ಒಂದು ತಾಸು ಹೆಚ್ಚು. ಕಲಬುರ್ಗಿಯಲ್ಲಿ 2019ರಲ್ಲಿ ವಿಮಾನ ನಿಲ್ದಾಣವಾಯಿತು, ವಿಜಯಪುರದ ಬಳಿ ಬುರಣಾಪುರದಲ್ಲಿ ಕಾಮಗಾರಿಗೆ 2021ರಲ್ಲಿ ಅಡಿಗಲ್ಲು ಬಿತ್ತು. ಆದರೂ ನಮ್ಮ ಕಡೆಯವರು ಜಿದ್ದಾದಿಂದ ಬಂದಿಳಿಯುವುದು ದೊಡ್ಡ ನಗರಗಳಲ್ಲಿಯೇ. ಮುದ್ದೇಬಿಹಾಳಕ್ಕೆ ರೈಲೂ ಇಲ್ಲ, ರೈಲು ಬೇಕಾದರೆ ಆಲಮಟ್ಟಿಗೆ ಹೋಗಬೇಕು.

ನಮ್ಮ ಫುಕಹಾಗಳು ಪ್ರಯಾಣದ ದೂರವನ್ನು ಹೇಗೆ ಅಳೆದರು ಎಂದು ನೆನಪಿಸಿಕೊಳ್ಳಿ. ನಮಾಝನ್ನು ಕಸ್ರ್ ಮಾಡಲು ಮೂರು ದಿನದ ನಡಿಗೆಯ ದೂರ ಎಂದರು. ಅದನ್ನೇ ನಂತರದವರು ಸುಮಾರು 78 ಕಿಲೋಮೀಟರ್ ಎಂದು ಲೆಕ್ಕ ಮಾಡಿ ಹೇಳಿದರು. ದೂರ ಎಂದರೆ ಅವರ ಮನಸ್ಸಿಗೆ ಬರುತ್ತಿದ್ದುದು ಮನುಷ್ಯನ ಕಾಲು ಸವೆಯುವ ದಿನಗಳು. ನಾವು ಟಿಕೆಟ್ಟಿನ ಮೇಲಿನ ತಾಸುಗಳನ್ನು ಮಾತ್ರ ಎಣಿಸಿ, ಕಾಲಿನ ದಿನಗಳನ್ನು ಮರೆತುಬಿಟ್ಟಿದ್ದೇವೆ.

ಹಿಂದಿನವರಿಗೆ ಇರದ ಪ್ರಶ್ನೆ

ಕಾಯೋಣವೋ ಬೇಡವೋ ಎಂಬ ಪ್ರಶ್ನೆ ನಮ್ಮ ಮುತ್ತಜ್ಜಿಯರಿಗೆ ಇರಲಿಲ್ಲ. ಆದಿಲ್‌ಶಾಹಿ ಕಾಲದಲ್ಲಿ ಬಿಜಾಪುರದ ಯಾತ್ರಿಕರು ಕೊಂಕಣದ ದಾಭೋಳ ಬಂದರಿಗೆ ಇಳಿದು, ಗಾಳಿಯ ಋತುವಿಗಾಗಿ ಕಾದು, ಹಾಯಿ ಹಡಗಿನಲ್ಲಿ ಕೆಂಪು ಸಮುದ್ರದ ಕಡೆಗೆ ಹೊರಡುತ್ತಿದ್ದರು. ಹೋದವರು ಬಂದರೆ ಬಂದರು. ಹಿಂದೆ ಉಳಿದವರ ಸಾವಿನ ಸುದ್ದಿ ಅವರಿಗೆ ತಿಳಿಯಲು ತಿಂಗಳುಗಳೇ ಬೇಕಾಗುತ್ತಿದ್ದವು. ಆಮೇಲೆ ಮುಂಬಯಿಯಿಂದ ಉಗಿ ಹಡಗುಗಳು ಬಂದವು. ಆ ಹಡಗಿನಲ್ಲಿಯೂ ಜಿದ್ದಾ ಮುಟ್ಟಲು ಒಂದು ವಾರಕ್ಕಿಂತ ಹೆಚ್ಚೇ ಬೇಕಾಗುತ್ತಿತ್ತು. ಭಾರತದಿಂದ ಹಜ್ಜ್ ಹಡಗು ನಿಂತದ್ದು 1995ರಲ್ಲಿ.

ಆ ದಿನಗಳಲ್ಲಿ ದೂರವೇ ತೀರ್ಪು ಕೊಡುತ್ತಿತ್ತು. ಮನೆಯವರು ಅಳುತ್ತಿದ್ದರು, ದಫನ ಮಾಡುತ್ತಿದ್ದರು, ಆ ಮೇಲೆ ಕಾಗದ ಬರೆಸುತ್ತಿದ್ದರು. ನನ್ನನ್ನು ಬಿಟ್ಟು ಹೇಗೆ ಒಯ್ದಿರಿ ಎಂದು ಯಾವ ಮಗನೂ ಯಾರನ್ನೂ ಕೇಳುತ್ತಿರಲಿಲ್ಲ. ವಿಮಾನ ಬಂದ ಮೇಲೆ ಆಸೆ ಬಂತು. ಆಸೆ ತಪ್ಪಲ್ಲ. ಆದರೆ ಆಸೆಯ ಜೊತೆ ಒಂದು ಜವಾಬ್ದಾರಿಯೂ ಬಂತು. ಮೊದಲು ದೂರ ಮಾಡುತ್ತಿದ್ದ ತೀರ್ಮಾನವನ್ನು ಈಗ ನಾವು ಮಾಡಬೇಕಾಗಿದೆ.

ಆ ಆಸೆಯೂ ಎಷ್ಟು ತೆಳುವಾದ ದಾರ ಎಂಬುದನ್ನು ಕೊರೋನಾ ತೋರಿಸಿತು. 2020ರ ಮಾರ್ಚ್ 23ರಿಂದ ನಮ್ಮ ದೇಶಕ್ಕೆ ಅಂತಾರಾಷ್ಟ್ರೀಯ ವಿಮಾನಗಳು ನಿಂತುಹೋದವು. ಮೇ 7ರಿಂದ ವಂದೇ ಭಾರತ್ ಎಂಬ ಹೆಸರಿನಲ್ಲಿ ಸರಕಾರ ಕೆಲವು ವಿಮಾನಗಳನ್ನು ಬಿಟ್ಟಿತಾದರೂ, ನಿತ್ಯದ ಅಂತಾರಾಷ್ಟ್ರೀಯ ಹಾರಾಟ ಮತ್ತೆ ಶುರುವಾದದ್ದು 2022ರ ಮಾರ್ಚ್ 27ರಂದು. ಆ ದಿನಗಳಲ್ಲಿ ಜಿದ್ದಾ ಐದು ತಾಸಿನ ದಾರಿಯಾಗಿ ಉಳಿದಿರಲಿಲ್ಲ. ಎಷ್ಟೋ ಮಕ್ಕಳು ತಂದೆ ತಾಯಿಯ ಜನಾಝವನ್ನು ಫೋನಿನ ಪರದೆಯಲ್ಲಿ ನೋಡಿದರು.

ಎರಡು ಮನೆಗಳ ನೋವು

ಎರಡು ಮನೆಗಳ ವಿಷಯ ಹೇಳುತ್ತೇನೆ. ಹೆಸರು ಬೇಡ. ಒಂದು ಮನೆಯವರು ಕಾದರು. ಮೇ ತಿಂಗಳು, ನಮ್ಮ ಕಡೆಯ ಬಿಸಿಲು ನಿಮಗೆ ಗೊತ್ತು. ಮೊದಲು “ಐದು ತಾಸು” ಎಂದರು. ಆ ಮೇಲೆ ನೇರ ವಿಮಾನ ಸಿಗಲಿಲ್ಲ, “ಇನ್ನು ಹತ್ತು ತಾಸು” ಎಂದರು. ನಡುವಿನ ಊರಿನಲ್ಲಿ ವಿಮಾನ ತಡವಾಯಿತು, “ಇನ್ನು ಆರು” ಎಂದರು. ಹೀಗೆ ಐದು, ಹತ್ತು, ಆರು ಎನ್ನುತ್ತಾ ಮೂರನೆಯ ದಿನ ಬೆಳಕು ಹರಿಯಿತು. ಪೆಟ್ಟಿಗೆಯ ಮಂಜುಗಡ್ಡೆ ಮತ್ತೆ ಮತ್ತೆ ಬದಲಿಸಿದ ಹೆಣ್ಣುಮಕ್ಕಳ ಮುಖ ನನ್ನ ಕಣ್ಣ ಮುಂದೆ ಇದೆ. ಮಗ ಬಂದ, ಎರಡು ನಿಮಿಷ ತಾಯಿಯ ಮುಖ ನೋಡಿದ. ನಂತರ ಅವನು ತನ್ನ ಹೆಂಡತಿಯ ಬಳಿ ಹೇಳಿದ್ದಿಷ್ಟೇ: “ಅಮ್ಮೀನ್ನ ಹಂಗ ನೋಡಬಾರದಿತ್ತು.”

ಇನ್ನೊಂದು ಮನೆಯವರು ಕಾಯಲಿಲ್ಲ. ಬೇಗ ದಫನ ಮಾಡಿದರು, ಅದು ಸರಿಯೇ. ಆದರೆ ಹೊರಟು ನಿಂತ ಮಗನಿಗೆ ಯಾರೂ ಹೇಳಲಿಲ್ಲ. ಅವನು ದಾರಿಯುದ್ದಕ್ಕೂ ತಾಯಿ ಮನೆಯಲ್ಲಿದ್ದಾಳೆ ಎಂದು ತಿಳಿದು ಬಂದ. ಬಾಗಿಲಲ್ಲಿ ಹರಡಿದ್ದ ಚಾಪೆಗಳನ್ನು ಸುತ್ತುತ್ತಿದ್ದುದನ್ನು ಕಂಡು ಕುಸಿದು ಕುಳಿತ. ಅಣ್ಣ ತಮ್ಮಂದಿರ ನಡುವೆ ಆ ದಿನ ಬಿದ್ದ ಬಿರುಕು ಎಷ್ಟೋ ಈದ್‌ಗಳು ಕಳೆದರೂ ಮುಚ್ಚಿಲ್ಲ.

ಸಹೋದರಿಯರೇ, ಈ ಎರಡು ಮನೆಗಳಲ್ಲಿ ಯಾರೂ ಕೆಟ್ಟವರಲ್ಲ. ಎಲ್ಲರಿಗೂ ಆ ತಾಯಿಯ ಮೇಲೆ ಪ್ರೀತಿಯೇ ಇತ್ತು. ಪೂರ್ತಿ ಲೆಕ್ಕವನ್ನು ಒಮ್ಮೆ ಮಾಡಿ, ಒಂದೇ ಮಾತನ್ನು ಎಲ್ಲರಿಗೂ ಸ್ಪಷ್ಟವಾಗಿ ಹೇಳಿದವರು ಯಾರೂ ಇರಲಿಲ್ಲ, ಅಷ್ಟೇ.

ದೀನ್ ತೋರಿಸುವ ದಾರಿ

ಜನಾಝವನ್ನು ತಡಮಾಡಬೇಡಿ, ಬೇಗ ಒಯ್ಯಿರಿ ಎಂಬುದು ಪ್ರವಾದಿ(ಸ)ಯವರ ಸ್ಪಷ್ಟ ಬೋಧನೆ. ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲಿಯೂ ಇದರ ವರದಿಯಿದೆ. ಸಜ್ಜನರಾಗಿದ್ದರೆ ಅವರನ್ನು ಒಳಿತಿನ ಕಡೆಗೆ ತಡಮಾಡದೆ ಕಳುಹಿಸಿದಂತಾಯಿತು ಎಂಬುದು ಅದರ ಭಾವ. ಈ ಮಾತನ್ನು ಕಟುವಾದ ಆಜ್ಞೆ ಎಂದು ತಿಳಿಯಬೇಡಿ. ತಾಯಿಗೆ ಒಳ್ಳೆಯ ಮನೆ ಸಿದ್ಧವಿದೆ ಎಂದು ನಂಬುವ ಮಕ್ಕಳು ಅವಳನ್ನು ಬಾಗಿಲಲ್ಲಿ ನಿಲ್ಲಿಸಿಕೊಳ್ಳುತ್ತಾರೆಯೇ? ಜನ ಹೆಚ್ಚು ಸೇರಲಿ ಎಂದು ತಡಮಾಡುವುದನ್ನು ಉಲಮಾಗಳು ಇಷ್ಟಪಟ್ಟಿಲ್ಲ. ಹತ್ತಿರದ ವಾರಸುದಾರ ಸ್ವಲ್ಪದರಲ್ಲಿ ಬಂದು ಮುಟ್ಟುವಂತಿದ್ದು, ದೇಹ ಕೆಡುವ ಭಯವಿಲ್ಲದಿದ್ದರೆ ಅಲ್ಪ ಸಮಯ ಕಾಯಲು ಅವಕಾಶವಿದೆ ಎಂದು ಹೇಳಿದವರಿದ್ದಾರೆ. ನಿಮ್ಮ ಮನೆಯ ಸಂದರ್ಭದಲ್ಲಿ ಏನು ಮಾಡಬೇಕೆಂದು ಊರಿನ ಆಲಿಮರನ್ನು ಕೇಳಿ. ಆದರೆ ಕೇಳುವಾಗ ಅವರ ಮುಂದೆ ಹತ್ತೊಂಬತ್ತೂವರೆ ತಾಸಿನ ಲೆಕ್ಕ ಇಡಿ, ಐದು ತಾಸಿನದ್ದಲ್ಲ. ತಪ್ಪು ಲೆಕ್ಕ ಕೊಟ್ಟು ಪಡೆದ ಉತ್ತರದಿಂದ ಪ್ರಯೋಜನವಿಲ್ಲ.

ದೂರದಲ್ಲಿದ್ದ ಮಗನಿಗೆ ದೀನ್ ಬರಿಗೈ ತೋರಿಸಿಲ್ಲ. ಸಅದ್ ಬಿನ್ ಉಬಾದಾ(ರ) ಮದೀನಾದ ಅನ್ಸಾರರ ದೊಡ್ಡ ನಾಯಕರು. ಅವರ ತಾಯಿ ತೀರಿಕೊಂಡಾಗ ಅವರು ಊರಿನಲ್ಲಿರಲಿಲ್ಲ. ಹಿಂದಿರುಗಿದ ಮೇಲೆ ಅವರು ಪ್ರವಾದಿ(ಸ)ಯವರ ಬಳಿ ಬಂದು, ತಾನು ಇಲ್ಲದಾಗ ತಾಯಿ ತೀರಿಕೊಂಡರು, ಅವರ ಹೆಸರಿನಲ್ಲಿ ದಾನ ಮಾಡಿದರೆ ಅವರಿಗೆ ಪ್ರಯೋಜನವಾಗುವುದೇ ಎಂದು ವಿಚಾರಿಸಿದರು. ಆಗುವುದು ಎಂಬ ಉತ್ತರ ಸಿಕ್ಕಿದಾಗ ತಮ್ಮ ತೋಟವನ್ನೇ ತಾಯಿಗಾಗಿ ದಾನ ಮಾಡಿದರು. ಇದೂ ಬುಖಾರಿಯಲ್ಲಿದೆ. ತಾಯಿಯ ಕೊನೆಯ ಗಳಿಗೆಗೆ ಮುಟ್ಟಲಾಗದ ಮಗ ಎಂಬುದು ಇಂದಿನ ಗಲ್ಫ್‌ನ ಕಥೆ ಮಾತ್ರವಲ್ಲ. ಸಹಾಬಿಗಳ ನಡುವೆಯೂ ಅಂಥವರಿದ್ದರು. ಅವರಿಗೆ ಸಿಕ್ಕ ಉತ್ತರ ನಮಗೂ ಇದೆ.

ಅಬಿಸೀನಿಯಾದ ದೊರೆ ನಜ್ಜಾಶಿ ತೀರಿಕೊಂಡಾಗ ಪ್ರವಾದಿ(ಸ) ಮದೀನಾದಲ್ಲಿದ್ದೇ ಅವರಿಗಾಗಿ ಜನಾಝ ನಮಾಝ್ ಮಾಡಿದ್ದರು. ಕೆಂಪು ಸಮುದ್ರದ ಆಚೆಗಿನ ಸಹೋದರನಿಗೆ ಈಚೆಯಿಂದ ಪ್ರಾರ್ಥನೆ! ಶಾಫಿ ಮತ್ತು ಹಂಬಲಿ ಮದ್ಸ್‌ಹಬ್‌ಗಳು ಇದನ್ನು ಆಧಾರವಾಗಿಟ್ಟುಕೊಂಡು ದೂರದಲ್ಲಿರುವ ಮಯ್ಯಿತ್‌ನ ನಮಾಝನ್ನು ಒಪ್ಪುತ್ತವೆ. ಹನಫಿಗಳು ಅದನ್ನು ನಜ್ಜಾಶಿಯವರಿಗೆ ಮಾತ್ರ ವಿಶೇಷ ಎನ್ನುತ್ತಾರೆ. ಅಭಿಪ್ರಾಯ ಬೇರೆಯಿದ್ದರೂ ದುಆಕ್ಕೆ ದೂರ ಇಲ್ಲ ಎಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ.

ಒಬ್ಬ ಅಜ್ಜಿಯ ವಸಿಯ್ಯತ್

ನಮ್ಮ ಓಣಿಯಲ್ಲಿ ಒಬ್ಬ ಅಜ್ಜಿ ಇದ್ದರು. ಎಲ್ಲರೂ ಖಾಲಾ ಎಂದೇ ಕರೆಯುತ್ತಿದ್ದೆವು. ಇದ್ದ ಒಬ್ಬ ಮಗ ಜಿದ್ದಾದಲ್ಲಿ. ಅಕ್ಷರ ಕಲಿಯದ ಹೆಂಗಸು, ಆದರೆ ಲೆಕ್ಕ ಪಕ್ಕಾ. ಒಮ್ಮೆ ಮಗ ರಜೆಗೆ ಬಂದಾಗ, ಊಟಕ್ಕೆ ಕುಳಿತವನ ತಟ್ಟೆಗೆ ರೊಟ್ಟಿ ಹಾಕುತ್ತಾ ಕೇಳಿದರಂತೆ: “ಬೇಟಾ, ಅಲ್ಲಿ ನಿನ್ನ ಖೋಲಿಯಿಂದ ನಮ್ಮ ಹೊಸ್ತಿಲಿಗೆ ಬರಾಕ ಎಷ್ಟು ತಾಸ ಹಿಡೀತು?” ಮಗ ಎಣಿಸಿ ನೋಡಿ, ಒಂದು ದಿನಕ್ಕಿಂತ ಜಾಸ್ತಿ ಎಂದ. “ಹಂಗಾದ್ರ ಕೇಳು. ನಾ ಹೋದ ದಿನ ನಿನ್ನ ಸಲುವಾಗಿ ನನ್ನ ಇಡಬಾರದು. ಇದು ನನ್ನ ವಸಿಯ್ಯತ್. ನಿನ್ನ ಹೆಂಡ್ತಿ ಮುಂದ, ನಿನ್ನ ಚಾಚಾನ ಮುಂದ ಹೇಳೀನಿ” ಎಂದರು. ಮಗ ಕೈಯಲ್ಲಿದ್ದ ತುತ್ತು ಬಿಟ್ಟು ಅತ್ತ. ಅವರು ಅಳಲಿಲ್ಲ. ಮಜ್ಜಿಗೆ ತರಲು ಎದ್ದು ಹೋ‌ದರು.

ಎರಡು ವರ್ಷದ ನಂತರ ಒಂದು ದಿನ ಫಜ್ರ್ ಮುಗಿದ ಸ್ವಲ್ಪ ಹೊತ್ತಿಗೆ ಖಾಲಾ ತೀರಿಕೊಂಡರು. ನಾನು ಹೋದಾಗ ಆ ಮನೆಯಲ್ಲಿ ಯಾವ ಪ್ರಶ್ನೆಯೂ ಇರಲಿಲ್ಲ. ಸೊಸೆ ಗಂಡನಿಗೆ ಫೋನ್ ಮಾಡಿ ವಿಷಯ ತಿಳಿಸಿದಳು. ಆ ಕಡೆ ಬಹಳ ಹೊತ್ತು ಮೌನ. ಆ ಮೇಲೆ ಅವನೇ ಹೇಳಿದ: “ಅಮ್ಮಿ ಹೇಳಿದಂಗ ಮಾಡ್ರಿ. ನಮಾಝ್‌ಗೆ ಚಾಚಾ ಮುಂದ ನಿಲ್ಲಲಿ, ನನ್ನ ಒಪ್ಪಿಗೆ ಐತಿ.” ಝುಹರ್ ನಂತರ ಜನಾಝ ಹೊರಟಿತು. ಆ ಸಂಜೆಯೇ ಮಗ ಇಹ್ರಾಮ್ ಕಟ್ಟಿ ಜಿದ್ದಾದಿಂದ ಮಕ್ಕಾಕ್ಕೆ ಹೋದ. ಸುಮಾರು 80 ಕಿಲೋಮೀಟರ್. ತಾಯಿಯ ಖಬರಿಗೆ ಒಂದು ದಿನದಲ್ಲಿ ಮುಟ್ಟಲಾರದವನು ಕಅಬಾದ ಮುಂದೆ ಒಂದೂವರೆ ತಾಸಿನಲ್ಲಿ ನಿಂತಿದ್ದ. ತಾಯಿಯ ಹೆಸರಿನಲ್ಲಿ ಉಮ್ರಾ ಮಾಡಿದ. ನಾಲ್ಕು ತಿಂಗಳ ಮೇಲೆ ಊರಿಗೆ ಬಂದು ಖಬರಸ್ತಾನಕ್ಕೆ ಹೋಗಿ ನಿಂತ. ಅವನ ಮನಸ್ಸಿನಲ್ಲಿ ಯಾರ ಮೇಲೂ ದೂರು ಇರಲಿಲ್ಲ. ಅವನ ಹೆಂಡತಿ ನನಗೆ ಹೇಳಿದಳು, “ಅಮ್ಮಿ ಹೋಗುವಾಗ ಮನಿಯೊಳಗ ಒಂದ್ ಜಗಳಾನೂ ಬಿಟ್ಟು ಹೋಗಲಿಲ್ಲ ಆಪಾ.”

ನೀವು ಇಂದೇ ಮಾಡಬಹುದಾದದ್ದು

ನಿಮ್ಮ ಮನೆಯಲ್ಲಿಯೂ ದೂರ ದೇಶದಲ್ಲಿ ದುಡಿಯುವವರಿದ್ದರೆ ಮುಂದಿನ ರಜೆಯಲ್ಲಿ ಅವರು ಬಂದಾಗ ಈ ಮಾತು ತೆಗೆಯಿರಿ. ಸಾವಿನ ಮಾತು ಆಡಿದರೆ ಸಾವು ಬರುತ್ತದೆ ಎಂಬುದು ನಮ್ಮ ನಂಬಿಕೆಯಲ್ಲ. ಪ್ರತಿಯೊಂದು ಜೀವಕ್ಕೂ ಅದರ ಸಮಯ ಬರೆದಿದೆ. ಹಿರಿಯರು ತಮ್ಮ ಇಚ್ಛೆಯನ್ನು ಎಲ್ಲರ ಮುಂದೆ ಹೇಳಲಿ. ಸಾಧ್ಯವಾದರೆ ಬರೆದಿಡಲಿ.

ಅಂಥ ದಿನ ಬಂದಾಗ ಮೂರೇ ಪ್ರಶ್ನೆ ಕೇಳಿ. ಪಾಸ್‌ಪೋರ್ಟ್ ಮತ್ತು ಅನುಮತಿ ಕೈಗೆ ಬಂದಿದೆಯೇ? ಟಿಕೆಟ್ ಖಚಿತವಾಗಿದೆಯೇ, ಯಾವ ಊರಿನಲ್ಲಿ, ನಮ್ಮ ಗಡಿಯಾರದಂತೆ ಎಷ್ಟು ಗಂಟೆಗೆ ಇಳಿಯುತ್ತಾನೆ? ಅಲ್ಲಿಂದ ಮನೆಗೆ ರಸ್ತೆ ಎಷ್ಟು ತಾಸು? ಈ ಮೂರಕ್ಕೂ ಉತ್ತರ ಸಿಗದಿದ್ದರೆ ಕಾಯುವ ಮಾತು ಬೇಡ. ಸಿಕ್ಕರೆ ಕೂಡಿಸಿ, ಆಲಿಮರ ಮುಂದಿಟ್ಟು, ಒಂದೇ ಬಾರಿ ತೀರ್ಮಾನಿಸಿ. ತೀರ್ಮಾನ ಯಾವುದೇ ಆಗಲಿ, ಹೊರಟಿರುವ ಮಗನಿಗೆ ವಿಮಾನ ಹತ್ತುವ ಮೊದಲೇ ಸತ್ಯ ಹೇಳಿ. “ಇನ್ನು ಸ್ವಲ್ಪ, ಇನ್ನು ಸ್ವಲ್ಪ” ಎಂದು ಮಯ್ಯಿತ್ ಮುಂದೆ ತಾಸುಗಳನ್ನು ಬೆಳೆಸುತ್ತಾ ಹೋಗಬೇಡಿ.

ಮತ್ತೊಂದು ಮಾತು ಸೊಸೆಯಂದಿರ ಪರವಾಗಿ. ಈ ತೀರ್ಮಾನದ ಸುದ್ದಿಯನ್ನು ಗಂಡನಿಗೆ ಹೇಳುವ ಭಾರ ಬಹುತೇಕ ಅವಳ ಮೇಲೆಯೇ ಬೀಳುತ್ತದೆ. ಮುಂದೆ ಜೀವನವಿಡೀ ಅವನ ಮುಖ ನೋಡಬೇಕಾದವಳು ಅವಳು. ತೀರ್ಮಾನ ಮಾಡುವಾಗ ಅವಳನ್ನೂ ಕರೆದು ಕೇಳಿ. ಫೋನಿನಲ್ಲಿ ಹೇಳುವಾಗ ಮನೆಯ ಹಿರಿಯರೊಬ್ಬರು ಅವಳ ಪಕ್ಕದಲ್ಲಿ ಕುಳಿತು ತಾವೇ ಮಾತಾಡಲಿ.

ಜಿದ್ದಾದಿಂದ ಹೈದರಾಬಾದಿಗೆ ಮುಂದೆಯೂ ಐದೇ ತಾಸು ಇರುತ್ತದೆ. ರಸ್ತೆ ಚೆನ್ನಾದರೆ ನೆಲದ ತಾಸುಗಳಲ್ಲಿ ಒಂದೆರಡು ಕಡಿಮೆಯಾಗಬಹುದು. ಆದರೆ ಮಕ್ಕಳ ದುಆ ತಂದೆ ತಾಯಿಗೆ ಮುಟ್ಟಲು ಟಿಕೆಟ್ಟೂ ಬೇಡ, ವೀಸಾವೂ ಬೇಡ. ಅದಕ್ಕೆ ಅಲ್ಲಾಹನು ಯಾವ ದೂರವನ್ನೂ ಇಟ್ಟಿಲ್ಲ. ದೂರದಲ್ಲಿ ದುಡಿಯುವ ನಮ್ಮೆಲ್ಲ ಮಕ್ಕಳನ್ನು ಅಲ್ಲಾಹನು ಕ್ಷೇಮವಾಗಿಡಲಿ. ನಮ್ಮ ಕೊನೆಯ ದಿನವನ್ನು ನಮಗೂ ನಮ್ಮ ಮನೆಯವರಿಗೂ ಸುಲಭಗೊಳಿಸಲಿ. ಆಮೀನ್.